ಸಾತವ್ವನ ಕಂಬಳಿ

ಅದು ಯಾವ ಕಾಲವೋ, ಲೆಕ್ಕ ಇಟ್ಟವರಿಲ್ಲ. ಬಹಳ ಹಿಂದೆ, ಹೊಳೆದಂಡೆಯ ಒಂದೂರಲ್ಲಿ ಸಾತವ್ವ ಅಂತ ಒಬ್ಬಳಿದ್ದಳಂತೆ. ನಾಡಿನ ಕಥೆಯನ್ನು ಅವಳ ಬಾಯಲ್ಲೇ ಕೇಳಬೇಕಂತೆ. ಹೊಳೆ ಉಕ್ಕಿತು ಅಂತ ಅವಳು ಅಂದರೆ ಸಾಕು, ಕೂತ ಹೆಂಗಸರು ಸೀರೆಯ ನಿರಿಗೆ ಎತ್ತಿಕೊಳ್ಳುತ್ತಿದ್ದರಂತೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಕಥೆ ಹೇಳುವವಳಿಗೆ ಕಂಬಳಿ, ಹೂಂಗುಟ್ಟುವವಳಿಗೆ ಬರಿ ನೆಲ. ಅದು ಅಲ್ಲಿಯ ಪದ್ಧತಿ. ಹೂಂ ಅನ್ನುವವರಿಲ್ಲದೆ ಕಥೆ ಮುಂದಕ್ಕೆ ಹೋಗುವ ಹಾಗಿಲ್ಲ. ಸಾತವ್ವನಿಗೆ ಹೂಂಗುಟ್ಟುತ್ತಿದ್ದವಳು ಅವಳ ವಾರಗಿತ್ತಿ ನೀಲವ್ವ. ಮನೆಯ ಹಿರಿಸೊಸೆ, ಆ ಹೊಸ್ತಿಲು ಮೊದಲು ತುಳಿದವಳು, ಆದರೂ ನೆಲದ ಮೇಲೆ! ಜನ ಸಾತವ್ವನ ಉಡಿಗೆ ಕೊಬ್ಬರಿ ಬೆಲ್ಲ ಹಾಕುವಾಗ ನೀಲವ್ವನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಅಷ್ಟೂ ಕಥೆ ನನಗೂ ಬರುತ್ತದೆ, ಇವಳಿಗೇನು ಕೋಡು ಮೂಡಿದೆಯೇ ಅಂತ ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದಳಂತೆ.

ಒಂದು ಬೇಸಿಗೆ ಹೊಳೆ ಬತ್ತಿ ಒಂದೇ ಮಡು ಉಳಿಯಿತು. ನಾಡಿಗೆ ಮೊದಲು ಬಂದವರಿಗೇ ಆ ನೀರು, ಉಳಿದವರು ಗಂಟುಮೂಟೆ ಕಟ್ಟಲಿ ಅಂತ ಜಗಳ ಹುಟ್ಟಿತು. ಕುಂಬಾರರು ನಾವು ಮೊದಲು ಅಂದರು, ನೇಕಾರರು ನಾವು ಅಂದರು, ಕುರುಬರು ಬಡಿಗೆ ತಂದರು. ಕೊನೆಗೆ ಸಾತವ್ವ ಹೇಳಿದ್ದೇ ತೀರ್ಮಾನ ಅಂತ ಒಪ್ಪಿ ಎಲ್ಲರೂ ಸೇರಿ ಕಂಬಳಿ ಹಾಸಿದರು.

ಸಾತವ್ವ ಕಥೆ ಎತ್ತಿದಳು. ನೀಲವ್ವ ಹೂಂ ಅನ್ನಲಿಲ್ಲ. ಇಡೀ ನಾಡು ತಂಗಿಯಂಥವಳ ಮುಂದೆ ಕೈಕಟ್ಟಿ ಕೂತದ್ದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಇಕಿ ಮಾತು ನಂಬಬ್ಯಾಡ್ರಿ! ಕುಂಬಾರ ಓಣ್ಯಾಗ ಕುಂಬಾರರು ಮೊದಲು ಬಂದ್ರು ಅಂತಾಳ, ನೇಕಾರ ಓಣ್ಯಾಗ ನೇಕಾರರು ಅಂತಾಳ!"

ಬಡಿಗೆಗಳು ಮೇಲೆದ್ದವು. ಸಾತವ್ವ ಸಿಟ್ಟಾಗಲಿಲ್ಲವಂತೆ. ಅಕ್ಕ ಹೇಳಿದ್ದು ನಿಜ, ಯಾರ ಕಟ್ಟೆಯ ಮೇಲೆ ಕೂತೆನೋ ಅವರ ಹೆಸರು ಮೊದಲು ಹೇಳಿದೆ, ಯಾರು ಮೊದಲು ಬಂದರೋ ನಾನೇನೂ ಕಂಡಿಲ್ಲ ಅಂದಳಂತೆ. ಕಂಬಳಿ ಬಿಟ್ಟೆದ್ದು ನೆಲದ ಮೇಲೆ ಕೂತಳು.

"ಯಕ್ಕಾ, ನೀನ ಹೇಳು. ನಾ ಹೂಂ ಅಂತೀನಿ."

ನೀಲವ್ವ ಕಂಬಳಿ ಏರಿದಳು. ಎಷ್ಟು ವರ್ಷದ ಆಸೆ! ಆದರೆ ಎದುರಿಗೆ ತವರಿನ ನೇಕಾರರು ಕೂತು, ನಮ್ಮ ಹೆಸರು ಹೇಳು ಅಂತ ಕಣ್ಸನ್ನೆ ಮಾಡುತ್ತಿದ್ದಾರೆ. ಅವರ ಪಕ್ಕದಲ್ಲೇ ಕುಂಬಾರರ ಬಾಣಂತಿ, ಮಡಿಲಲ್ಲಿ ಕೂಸು. ಒಂದು ಹೆಸರು ಬಾಯಿಂದ ಬಿದ್ದರೆ ಆ ಕೂಸು ಊರು ಬಿಡಬೇಕು.

ಯಾರು ಮೊದಲು ಬಂದರು ಅನ್ನುವುದನ್ನು ನೀಲವ್ವ ಬಿಟ್ಟೇಬಿಟ್ಟಳು. ಹೊಳೆ ಉಕ್ಕಿದ ವರ್ಷದಿಂದ ಶುರು ಮಾಡಿದಳು. ಹೊಟ್ಟೆಕಿಚ್ಚಿನಲ್ಲೂ ಅವಳು ಮನಸಾರೆ ಹೂಂ ಅನ್ನುತ್ತಿದ್ದ ಭಾಗ ಅದೊಂದೇ. ಕುಂಬಾರರು ಗಡಿಗೆಗಳನ್ನು ಬೋರಲು ಹಾಕಿದ್ದು, ನೇಕಾರರು ಮಗ್ಗದ ನೂಲು ಹೊಸೆದು ಅವನ್ನು ಬಿಗಿದದ್ದು, ಆ ತೆಪ್ಪದ ಮೇಲೆ ಎಲ್ಲರ ಮಕ್ಕಳನ್ನೂ ಕೂರಿಸಿ ಕುರುಬರು ಈಜುತ್ತ ದಂಡೆಗೆ ಎಳೆದದ್ದು. ಸಾತವ್ವ ಹೂಂ ಅಂದಳು. ಆಮೇಲೆ ಕೂತವರೂ ಹೂಂ ಅಂದರು. ಕಥೆ ಮುಗಿದಾಗ ಕುಂಬಾರರ ಹಿರಿಯನೇ ಎದ್ದು, ಮಡುವಿನ ನೀರು ಎಲ್ಲ ಓಣಿಗೂ ಸರದಿ ಮೇಲೆ ಅಂದನಂತೆ.

ನೀಲವ್ವನ ಹೊಟ್ಟೆ ತಣ್ಣಗಾಯಿತೇ? ಎಲ್ಲಿಯ ಮಾತು! ಅವಳು ಹೂಂ ಅಂದದ್ದೂ ನನಗಿಂತ ಚೆನ್ನಾಗಿತ್ತಲ್ಲ ಅಂತ ಸಾಯುವವರೆಗೂ ಕುದಿದಳಂತೆ. ನೀಲವ್ವ ಕೂತೆದ್ದ ಆ ಕಂಬಳಿಯನ್ನೂ ಊರವರು ಸಾತವ್ವನ ಕಂಬಳಿ ಅಂತಲೇ ಕರೆದರು.

ಈಗಲೂ ಆ ಸೀಮೆಯಲ್ಲಿ ಮೊದಲು ಬಂದವರು ನಾವು ಅಂತ ಯಾರಾದರೂ ತೋಳೇರಿಸಿದರೆ, ಹೆಂಗಸರು ನಡುಬೀದಿಯಲ್ಲಿ ಕಂಬಳಿ ಹಾಸುತ್ತಾರೆ. ಬಾರಪ್ಪ, ಕೂತು ನೀನೇ ಹೇಳು, ನಾವು ಹೂಂ ಅಂತೀವಿ ಅನ್ನುತ್ತಾರೆ. ಇವತ್ತಿನವರೆಗೂ ಯಾರೂ ಬಂದು ಕೂತಿಲ್ಲವಂತೆ.