ಮುಚ್ಚಿದ ಹಗೇವು

ಹೊಳೆದಂಡೆಯ ಮಠದಲ್ಲಿ ನುಂಕಜ್ಜ ಅಂತ ಒಬ್ಬ ಗುರು ಇದ್ದರು. ಪ್ರವಚನ ಗಿವಚನ ಏನೂ ಇಲ್ಲ. ಹೊಲ ಮಾಡುವುದು, ಉಣ್ಣುವುದು, ಬಂದವರಿಗೆ ಉಣಿಸುವುದು, ಇಷ್ಟೇ.

ಅವರ ಶಿಷ್ಯ ಪಾತಲಿಂಗ. ಇವನೋ, ಕೂತಲ್ಲಿ ಕೂರುವ ಆಸಾಮಿಯಲ್ಲ. ಚಿಕ್ಕವನಿದ್ದಾಗ ಅವ್ವ ಖಾಲಿ ಮೊರ ಹಿಡಿದು ಕಂಡವರ ಬಾಗಿಲಲ್ಲಿ ನಿಲ್ಲುವುದನ್ನು ನೋಡಿದ್ದ. ಆ ಮೊರ ಅವನ ಕಣ್ಣ ಮುಂದಿಂದ ಹೋಗಿರಲೇ ಇಲ್ಲ.

ಮದುವೆಯಾದ ಮೇಲೆ ಗುರುವಿನ ಕಾಲಿಗೆ ಬಿದ್ದು ಕೇಳಿದ.

"ಅಜ್ಜ, ನನ್ನ ಹೆಂಡತಿ ಯಾರ ಬಾಗಿಲಿಗೂ ಮೊರ ಒಯ್ಯಬಾರದು. ಅಂಥ ಮನೆ ಕಟ್ಟೋದು ಹೆಂಗೆ?"

ಅಜ್ಜ ಅವನ ಕೈಗೆ ಗುದ್ದಲಿ ಕೊಟ್ಟರು. ಅವನ ಮನೆ ಹಿತ್ತಿಲಲ್ಲಿ ಮಳೆನೀರಿಗೊಂದು ಹೊಂಡ ತೋಡಿಸಿದರು, ಅದಕ್ಕೆ ನೀರು ತರುವ ಕಾಲುವೆ ತೆಗೆಸಿದರು. ಅಂಗಳದಲ್ಲಿ ಕಾಳು ಕೂಡಿಡುವ ಹಗೇವು ತೋಡಿಸಿದರು. ಆಳುದ್ದದ ಗುಂಡಿ, ಸುತ್ತ ಹುಲ್ಲು, ಒಳಗೆ ಅವನೇ ಬೆಳೆದ ರಾಗಿ, ಬಾಯಿಗೆ ಚಪ್ಪಡಿ. ಸಂದಿಗೆಲ್ಲ ಮಣ್ಣು ಮೆತ್ತಿಸಿ ಹೇಳಿದರು.

"ಮುಚ್ಚಿದ್ದನ್ನ ಮರೆತುಬಿಡು."

ಮರೆಯುವುದೇ? ಅದೊಂದನ್ನು ಬಿಟ್ಟು ಬೇರೇನು ಬೇಕಾದರೂ ಮಾಡಿಯಾನು ಪಾತಲಿಂಗ. ಪಸೆ ಏರಿದ್ದರೆ? ಹುಳ ಬಿದ್ದಿದ್ದರೆ? ಯೋಚನೆ ಹೊಕ್ಕಿತೆಂದರೆ ಉಣ್ಣುವುದನ್ನೂ ಅರ್ಧಕ್ಕೇ ಬಿಡುತ್ತಿದ್ದ. ಎದ್ದು ಹೋಗಿ ಚಪ್ಪಡಿ ಸರಿಸುವುದು, ತೋಳು ಇಳಿಬಿಟ್ಟು ಒಂದು ಹಿಡಿ ತೆಗೆದು ಮೂಸುವುದು, ಮತ್ತೆ ಮುಚ್ಚುವುದು. ಮೆತ್ತಿದ ಮಣ್ಣು ಒಣಗುವುದಕ್ಕೂ ಬಿಡುತ್ತಿರಲಿಲ್ಲ ಪುಣ್ಯಾತ್ಮ. ಅದಾದ ಮೇಲೆ ಹೊಂಡಕ್ಕೆ ಕೋಲು ಇಳಿಸಿ ನೀರು ನೋಡುವುದು.

ಹೊಲದಲ್ಲಿ ಕಳೆ ಎದ್ದಿದೆ, ಕಾಲುವೆಯಲ್ಲಿ ಹೂಳು ತುಂಬಿದೆ ಅಂತ ಹೆಂಡತಿ ತಿಪ್ಪಕ್ಕ ಹೇಳಿ ಹೇಳಿ ಸಾಕಾದಳು. ತುಂಬಿದ ಬಸುರಿ ಪಾಪ, ಅವಳಾದರೂ ಎಷ್ಟು ಬಗ್ಗಿಯಾಳು! ಇವತ್ತೊಂದಿನ ನೋಡಿಬಿಡುತ್ತೇನೆ, ನಾಳೆ ಹೊಲ ಅನ್ನುತ್ತಿದ್ದ ಇವನು.

ಮಳೆ ಚೆನ್ನಾಗಿಯೇ ಬಂತು. ಹೂಳು ತುಂಬಿದ ಕಾಲುವೆ ನೀರನ್ನು ಬೀದಿಗೆ ಬಿಟ್ಟಿತು. ಹೊಲದಲ್ಲಿ ಕಳೆಯೇ ಬೆಳೆಯಾಯಿತು.

ಒಂದು ಬೆಳಿಗ್ಗೆ ಹಗೇವಿಗೆ ಕೈ ಹಾಕಿದರೆ ಕಪ್ಪಗೆ ಹೆಂಟೆಗಟ್ಟಿದ ರಾಗಿ ಬಂತು, ಮುಗ್ಗಲು ವಾಸನೆ, ತುಂಬಾ ಹುಳ. ತಿಪ್ಪಕ್ಕ ನೋಡಿದಳು. ಒಳಗೆ ಹೋಗಿ ಗೋಡೆಯ ಮೇಲಿದ್ದ ಮೊರ ಇಳಿಸಿಕೊಂಡಳು.

ಪಾತಲಿಂಗ ಬಾಗಿಲಿಗೆ ಅಡ್ಡ ಬಂದು ನಿಂತ. ಅವಳನ್ನು ಬೇಡಿಕೊಂಡು ಕೂರಿಸಿ ಮಠಕ್ಕೆ ಓಡಿದ.

ಅಜ್ಜ ಬಂದು, ದೀಪ ಹಚ್ಚಿ ಹಗ್ಗದಲ್ಲಿ ಹಗೇವಿಗೆ ಇಳಿಬಿಟ್ಟರು. ದೀಪ ಉರಿಯುತ್ತಲೇ ಇತ್ತು.

"ಆರಲಿಲ್ಲ ಅಜ್ಜ" ಅಂದ ಪಾತಲಿಂಗ, ಅದರಲ್ಲೇ ಏನೋ ಆಸೆ.

"ಅದಕ್ಕೇ ಕೆಟ್ಟಿರೋದು. ದೀಪಕ್ಕೆ ಸಿಗೋ ಗಾಳಿ ಹುಳಕ್ಕೂ ಸಿಗ್ತದೆ. ಮೊರ ತಗೊಂಡು ನನ್ನ ಹಿಂದೆ ಬಾ."

ಖಾಲಿ ಮೊರ ಹಿಡಿದು ಊರ ನಡುವೆ ನಡೆದ ಪಾತಲಿಂಗ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಮಠದಲ್ಲಿ ಅಜ್ಜ ತಾವು ಮಲಗುವ ಚಾಪೆ ಸುತ್ತಿಟ್ಟರು. ಅಡಿಯಲ್ಲಿ ಒಂದು ಚಪ್ಪಡಿ. ಅವರ ಗುರು ತಮ್ಮ ಕೊನೆಗಾಲದಲ್ಲಿ ಮುಚ್ಚಿದ ಹಗೇವು ಅದು. ಮೆತ್ತಿದ ಮಣ್ಣು ಕಲ್ಲಾಗಿತ್ತು, ಒಂದು ಬಿರುಕಿಲ್ಲ. ಹಾರೆ ಹಾಕಿ ಎಬ್ಬಿಸಬೇಕಾಯಿತು.

ಇಳಿಬಿಟ್ಟ ದೀಪ ಬಾಯಲ್ಲೇ ಆರಿಹೋಯಿತು. ಕೆಟ್ಟ ಗಾಳಿ ಹೋಗಲಿ ಅಂತ ಇಬ್ಬರೂ ಹೊರಗೆ ಕಾದರು. ಮತ್ತೆ ಇಳಿಸಿದ ದೀಪ ನಿಂತು ಉರಿದ ಮೇಲೆ ಪಾತಲಿಂಗ ಒಳಗಿಳಿದು ಬುಟ್ಟಿ ತುಂಬಿ ಕೊಟ್ಟ. ನಿನ್ನೆ ಕಣದಿಂದ ತಂದಂತಿತ್ತು ರಾಗಿ.

ಮೇಲೆ ಬಂದು ಮೊರ ಒಡ್ಡಿದ. ಅಜ್ಜ ತುಂಬ ಸುರಿದರು.

"ಇಷ್ಟು ವರ್ಷ ನೀವು ಒಂದು ಸಲಾನೂ ತೆಗೆದು ನೋಡಲಿಲ್ಲ. ಒಳಗೆ ರಾಗಿ ಚೆನ್ನಾಗಿದೆ ಅಂತ ಹೆಂಗೆ ಗೊತ್ತಿತ್ತು ಅಜ್ಜ?"

"ಗೊತ್ತಿರಲಿಲ್ಲ ಮಗ. ಅದಕ್ಕೇ ದಿನಾ ಎದ್ದು ಹೊಲಕ್ಕೆ ಹೋಗ್ತಿದ್ದೆ."