ಕೈಯ ಅಂಜಿಕೆ

ಯಮನೂರ ಮೂರು ದಿನದಿಂದ ಗರಡಿಗೆ ಬಂದಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಂದ, ಆದರೆ ಅಖಾಡದ ಕೆಂಪು ಮಣ್ಣಿಗೆ ಇಳಿಯದೆ ಬಾಗಿಲಲ್ಲೇ ನಿಂತ.

ದಸ್ತಗೀರ ವಸ್ತಾದರು ಮಣ್ಣಿಗೆ ಎಣ್ಣೆ, ಅರಿಶಿನ ಹಾಕಿ ಸಲಿಕೆಯಿಂದ ಹದ ಮಾಡುತ್ತಿದ್ದರು. ಯಮನೂರನಿಗೆ ಹತ್ತು ವರ್ಷ ಕುಸ್ತಿ ಕಲಿಸಿದ ಗುರು. ವಯಸ್ಸು ಎಪ್ಪತ್ತು ದಾಟಿತ್ತು, ನಾಲಿಗೆಯ ಚುರುಕು ಮಾತ್ರ ಇಳಿದಿರಲಿಲ್ಲ.

“ಏನೋ ಪೈಲ್ವಾನ, ಹೊಸಾ ಸೊಸಿ ಹಂಗ ಬಾಗಲದಾಗ ನಿಂತಿ?”

“ಅಂಜಿಕಿ ಆಗೇತ್ರಿ, ವಸ್ತಾದರ.”

“ಯಾರ ಅಂಜಿಕಿ?”

ಯಮನೂರ ಎರಡೂ ಕೈ ಮುಂದೆ ಚಾಚಿದ. “ಈ ಕೈಗಳದ್ರಿ.”

ಆಮೇಲೆ ಎಲ್ಲ ಹೇಳಿದ. ಮೂರು ತಿಂಗಳಿಂದ ಬಲ ಹೆಚ್ಚಿಸುವ ಮದ್ದಿನ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ. ಬರುವ ರವಿವಾರದ ಕುಸ್ತಿ ಗೆದ್ದರೆ ಲೀಗ್ ತಂಡಕ್ಕೆ ಆಯ್ಕೆ. ಸೋತರೆ ಇನ್ನು ಯಾರೂ ಕರೆಯುವುದಿಲ್ಲ, ವಯಸ್ಸು ಮೀರುತ್ತಿದೆ.

“ಎಲ್ಲಾರೂ ತೊಗೋತಾರ್ರಿ. ನೀವು ಬಾದಾಮಿ ತಿನ್ನಿಸಿದ್ರಿ, ತುಪ್ಪ ಕುಡಿಸಿದ್ರಿ. ಅದೂ ಬಲಕ್ಕ, ಇದೂ ಬಲಕ್ಕ. ಏನ್ ಫರಕ್ ಐತ್ರಿ?”

“ನಾ ಡಾಕ್ಟರ ಅಲ್ಲೋ ತಮ್ಮಾ. ಆದ್ರ ಬಾದಾಮಿ ತಿಂದು ತನ್ನ ಕೈಗೆ ತಾನ ಅಂಜಿದಾಂವನ್ನ ನಾ ಕಂಡಿಲ್ಲ.”

ಯಮನೂರ ಚಾಚಿದ ಕೈಗಳನ್ನು ಹಿಂದಕ್ಕೆ ಎಳೆದುಕೊಂಡ.

“ಬಾಳಪ್ಪನ ಭುಜದ ಕೀಲು ಹೆಂಗ ತಪ್ಪಿತು?” ವಸ್ತಾದರು ಕೇಳಿದರು. “ಕಾಲು ಜಾರಿತು ಅಂತ ಅಂವ ನನಗ ಹೇಳ್ಯಾನ. ನಿನ್ನ ಜೋಡಿ ಆಡಾಂವ, ನಿನ್ನ ತಪ್ಪು ಮುಚ್ಚಿಟ್ಟಾನ. ನೀ ಹೇಳು.”

ಆ ಗರಡಿಯಲ್ಲಿ ಒಂದು ಕಟ್ಟಳೆ ಇತ್ತು. ತಾಲೀಮಿನಲ್ಲಿ ಕೆಳಗೆ ಸಿಕ್ಕವನು ಅಂಗೈಯಿಂದ ಮಣ್ಣು ತಟ್ಟಿದರೆ, ಮೇಲಿನವನು ಆ ಕ್ಷಣವೇ ಹಿಡಿತ ಬಿಡಬೇಕು.

“ಬಾಳಪ್ಪ ಮಣ್ಣು ತಟ್ಟಿದ್ದ್ರಿ,” ಯಮನೂರ ಹೇಳಿದ.

“ನಿನಗ ಕೇಳಸಲಿಲ್ಲ?”

“ಕೇಳಸಿತ್ರಿ.” “ಬಿಡಬೇಕು ಅಂತ ಅನಸಲಿಲ್ರಿ.”

ಸಲಿಕೆ ನಿಂತಿತು. ವಸ್ತಾದರಿಗೂ ಭಯವಾಯಿತು. ಅದನ್ನು ಅವರು ಮುಚ್ಚಿಡಲಿಲ್ಲ, ಮುಖದ ಬೆವರು ಒರೆಸಿಕೊಂಡರು.

“ಯಾರಿಗೂ ಹೇಳಬ್ಯಾಡ್ರಿ,” ಯಮನೂರ ಕೈ ಮುಗಿದ. “ರವಿವಾರ ಒಂದ ದಾಟಲಿ. ಆಮ್ಯಾಲ ಆ ಸೂಜಿ ಮುಟ್ಟಂಗಿಲ್ಲ. ನಿಮ್ಮ ಆಶೀರ್ವಾದ ಬೇಕ್ರಿ.”

ವಸ್ತಾದರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಅಖಾಡದ ನಡುವೆ ಹೋಗಿ ಕುಳಿತರು. ಎಲುಬು ಎಣಿಸಬಹುದಾದ ಮೈ.

“ಬಾ. ಹಿಂದಿನಿಂದ ಕುತ್ತಿಗಿ ಹಿಡಿ.”

“ಬ್ಯಾಡ್ರಿ.”

“ಆಶೀರ್ವಾದ ಬೇಕಂದ್ಯಲ್ಲ? ಹಿಡಿ.”

ಹತ್ತು ವರ್ಷದಲ್ಲಿ ಯಮನೂರ ಗುರುವಿನ ಮಾತು ಮೀರಿದವನಲ್ಲ. ಬಂದು ಮೊಣಕಾಲೂರಿ ಕುತ್ತಿಗೆಗೆ ತೋಳು ಸುತ್ತಿದ.

“ಬಿಗಿ.”

ಬಿಗಿದ. ತೋಳಿನ ಕೆಳಗೆ ಮುದುಕನ ನರ ಪಟಪಟ ಹೊಡೆದುಕೊಳ್ಳುವುದು ಅವನಿಗೆ ಗೊತ್ತಾಗುತ್ತಿತ್ತು.

“ಇನ್ನಷ್ಟು.”

ವಸ್ತಾದರ ಮುಖ ಕಪ್ಪಾಯಿತು. ಅವರ ಅಂಗೈ ಮಣ್ಣು ತಟ್ಟಿತು.

ತೋಳು ಸಡಿಲವಾಗಲಿಲ್ಲ.

ಮತ್ತೆ ತಟ್ಟಿತು. ಯಮನೂರನ ಹಲ್ಲು ಕಚ್ಚಿಕೊಂಡಿದ್ದವು, ಎಲ್ಲಿಂದಲೋ ಒಂದು ಸಿಟ್ಟು ಏರುತ್ತಿತ್ತು. ಯಾರ ಮೇಲೆ ಎಂದು ಅವನಿಗೇ ತಿಳಿಯದು. ಮೂರನೆಯ ಸಲ ಅಂಗೈ ಮೆಲ್ಲಗೆ ಬಿತ್ತು.

ಅಷ್ಟರಲ್ಲಿ ಯಮನೂರ ಚೀರಿದ. ತನ್ನ ತೋಳನ್ನು ತಾನೇ ಇನ್ನೊಂದು ಕೈಯಿಂದ ಕಿತ್ತು ಬಿಡಿಸಿ, ಹಿಂದಕ್ಕೆ ತೆವಳುತ್ತ ಗೋಡೆಗೆ ಆತುಕೊಂಡ. ಅತ್ತ.

ವಸ್ತಾದರು ಬಹಳ ಹೊತ್ತು ಕೆಮ್ಮಿದರು. ಕುತ್ತಿಗೆ ನೀವಿಕೊಂಡರು. ಬೈಯಲಿಲ್ಲ. ಸೀಳಿದ ದನಿಯಲ್ಲಿ ಕೇಳಿದರು:

“ನಾ ಗೊತ್ತಿದ್ದು ಕುತ್ತಿಗಿ ಕೊಟ್ಟೆ, ತಮ್ಮಾ. ರವಿವಾರ ನಿನಗ ಕುತ್ತಿಗಿ ಕೊಡಾಂವಗ ಯಾರು ಹೇಳತಾರ?”