ದೊರೆ ಬರುವ ಮುಂಚೆ ಆದದ್ದು

ಹಿರೇಕುಂಟೆ ಸಂಸ್ಥಾನದಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆ ಆಗಬೇಕಾದರೆ ಸೂರ್ಯ ನೆತ್ತಿಗೆ ಬಂದರೆ ಸಾಲದು, ದೊರೆ ಬರಮಪ್ಪ ನಾಯಕರು ಊಟದ ಮಣೆಗೆ ಬರಬೇಕು. ಅವರು ಕೂತ ಮೇಲೇ ಅರಮನೆಯ ಗಂಟೆ ಬಡಿಯುವುದು. ಒಮ್ಮೆ ಬೇಟೆಯಾಡಿ ಬಂದ ದೊರೆಗಳು ಮೈಮರೆತು ನಿದ್ದೆ ಹೋದರು, ದನಗಳು ಮನೆಗೆ ಬರುವ ಹೊತ್ತಿಗೆ ಊರಲ್ಲಿ ಹನ್ನೆರಡಾಯಿತು. ಕಚೇರಿಯ ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ಕಾದರೇ ಹೊರತು ಒಬ್ಬನೂ ಬುತ್ತಿ ಬಿಚ್ಚಲಿಲ್ಲ. ಮದುವೆಯ ಮುಹೂರ್ತವೂ ಹಾಗೇ, ಗುಡಿಯ ಮಂಗಳಾರತಿಯೂ ಹಾಗೇ. ಪಾಪ, ದೇವರಾದರೂ ಏನು ಮಾಡಿಯಾನು?

ಇಂಥ ಊರಿಗೆ ಇಂಗ್ಲಿಷ್ ಕಲಿಸಲು ಬಂದವರು ನರಹರಿ ಮೇಷ್ಟ್ರು. ಬಿಳಿಯ ಅಧಿಕಾರಿಯೊಬ್ಬ ಸಂಸ್ಥಾನ ನೋಡಲು ಬರುವವನಿದ್ದ. ಅವನ ಜೊತೆ ತಾವೇ ಖುದ್ದಾಗಿ ಮಾತಾಡಬೇಕೆಂದು ದೊರೆಗಳಿಗೆ ಹಟ. ಮೇಷ್ಟ್ರು ಪರವೂರಿನವರು, ಪಾಠ ಉಂಟು ತಾವುಂಟು ಎಂದು ಇರುವವರು. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಕೇಳಿಸಿದಾಗೆಲ್ಲ, ಅರಮನೆಯ ಗಡಿಯಾರ ಕೆಟ್ಟಿದೆ ಅಂದುಕೊಂಡು ಸುಮ್ಮನಾಗುತ್ತಿದ್ದರು. ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ?

ಆ ದಿನದ ಪಾಠ ಸ್ವಲ್ಪ ಕಷ್ಟದ್ದು. ಹಿಂದೆ ಎರಡು ಕೆಲಸ ನಡೆದಿದ್ದರೆ, ಅದರಲ್ಲಿ ಯಾವುದು ಮೊದಲು ಮುಗಿದಿತ್ತೋ ಅದನ್ನು ಹೇಳಲು ಇಂಗ್ಲಿಷಿನವರು ಬೇರೆಯದೇ ರೂಪ ಇಟ್ಟುಕೊಂಡಿದ್ದಾರೆ ಎಂದು ಮೇಷ್ಟ್ರು ವಿವರಿಸಿದರು. ದೊರೆಗಳು ಆಕಳಿಸಿ ಉದಾಹರಣೆ ಕೇಳಿದರು. ಮೇಷ್ಟ್ರು ಹಲಗೆಯ ಮೇಲೆ ಚೆಂದವಾಗಿ ಒಂದು ವಾಕ್ಯ ಬರೆದು, ಅರ್ಥವನ್ನೂ ಹೇಳಿದರು.

"ದೊರೆಗಳು ಬರುವಷ್ಟರಲ್ಲಿ ಗಂಟೆ ಬಡಿದಾಗಿತ್ತು."

ದೊರೆಗಳ ಆಕಳಿಕೆ ಅರ್ಧಕ್ಕೇ ನಿಂತಿತು.

"ನಾವು ಬರುವ ಮುಂಚೆ ಯಾವನು ಬಡಿದ?"

ಯಾರೂ ಬಡಿದಿಲ್ಲ ಮಹಾಸ್ವಾಮಿ, ಬರೀ ಉದಾಹರಣೆ ಎಂದರು ಮೇಷ್ಟ್ರು. ಆದರೂ ಆಳುಗಳು ಗಂಟೆ ಬಡಿಯುವವನನ್ನು ಎಳೆದು ತಂದರು. ಅವನು ಹೆಂಡತಿ ಮಕ್ಕಳ ಮೇಲೆ ಆಣೆ ಇಟ್ಟು, ಹುಟ್ಟಿದಾರಭ್ಯ ಅಂಥ ಪಾಪ ಮಾಡಿಲ್ಲವೆಂದು ಗೋಳಾಡಿದ. ಅಲ್ಲಿಗೆ ಮೇಷ್ಟ್ರು ಸುಳ್ಳುಗಾರರೆಂದು ರುಜುವಾತಾಯಿತು. ನಾಳೆ ಸಂಜೆಯೊಳಗೆ ಗಡಿ ದಾಟಬೇಕೆಂದು ಅಪ್ಪಣೆಯಾಯಿತು. ಅಷ್ಟಕ್ಕೇ ಬಿಟ್ಟರೆ ದೊರೆತನ ಹೇಗಾದೀತು? ಊರಲ್ಲೆಲ್ಲ ಡಂಗುರ ಬೇರೆ ಹೊಡೆಸಿದರು.

"ದೊರೆಗಳು ಬರುವ ಮುಂಚೆ ಈ ಸಂಸ್ಥಾನದಲ್ಲಿ ಏನೂ ಆಗಿರಕೂಡದು. ಆಗಿದ್ದರೆ, ಅದು ಆಗಿಲ್ಲ."

ಮೇಷ್ಟ್ರ ಬಸುರಿ ಹೆಂಡತಿಗೆ ದಿನ ತುಂಬಿತ್ತು. ಗಡಿಯೆಂದರೆ ಇಡೀ ಹಗಲು ಎತ್ತಿನ ಗಾಡಿಯಲ್ಲಿ ಕುಲುಕಿಕೊಂಡು ಹೋಗುವ ಕಲ್ಲುದಾರಿ. ದಾರಿಯಲ್ಲೇ ಹೆಚ್ಚುಕಡಿಮೆಯಾದರೆ ನೀರು ಕಾಯಿಸಲೂ ಒಂದು ಮನೆಯಿಲ್ಲ. ಮೇಷ್ಟ್ರು ಸೂರಪ್ಪನ ಮನೆಗೆ ಓಡಿದರು.

ಸೂರಪ್ಪ ದೊರೆಗಳಿಗೆ ವೀಳ್ಯ ಮಡಿಸಿಕೊಡುವವನು. ಇಪ್ಪತ್ತು ವರ್ಷ ಪಕ್ಕದಲ್ಲೇ ನಿಂತು, ಅವರ ಸಿಟ್ಟು ಎಲ್ಲಿ ಏಳುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಚೆನ್ನಾಗಿ ಬಲ್ಲ. ಮೇಷ್ಟ್ರ ಗೋಳನ್ನೆಲ್ಲ ಕೇಳಿ, ಡಂಗುರದ ಮಾತನ್ನು ಮಾತ್ರ ಮೂರು ಸಲ ಹೇಳಿಸಿಕೊಂಡ. ಮೂರನೆಯ ಸಲ ಅವನ ಮುಖ ಅರಳಿತು. ಗಾಡಿ ಕಟ್ಟಿಸಬೇಡಿ, ಬೆಳಿಗ್ಗೆ ಕೋಟೆ ಬಾಗಿಲ ಹತ್ತಿರ ಬನ್ನಿ, ಬಾಯಿ ಮಾತ್ರ ಬಿಡಬೇಡಿ ಎಂದು ಹೇಳಿ ಕಳಿಸಿದ.

ಬೆಳಿಗ್ಗೆ ದೊರೆಗಳು ಕುದುರೆ ಸವಾರಿಗೆ ಹೊರಟು ಕೋಟೆ ಬಾಗಿಲಿಗೆ ಬಂದರೆ, ಇಬ್ಬರು ಕಲ್ಲುಕುಟಿಗರು ಏಣಿ ಹತ್ತಿ, ಬಾಗಿಲ ಮೇಲಿನ ಶಾಸನಕ್ಕೆ ಉಳಿ ಹಿಡಿದು ನಿಂತಿದ್ದಾರೆ. ಕೆಳಗೆ ಸೂರಪ್ಪ ಕೈಕಟ್ಟಿ ನಿಂತಿದ್ದಾನೆ. ಅವನ ಹಿಂದೆ ಮೇಷ್ಟ್ರು ಇದ್ದಾರೆ.

"ಏನೋ ಇದು, ಸೂರಪ್ಪ?"

"ಡಂಗುರದ ಪ್ರಕಾರ ಕೆಲಸ ಬುದ್ಧಿ. ತಮ್ಮ ಅಜ್ಜ ದೊರೆಗಳು ಈ ಕೋಟೆ ಗೆದ್ದು ಎಂಬತ್ತು ವರ್ಷ ಆಯ್ತು ಅಂತ ಈ ಕಲ್ಲು ಹೇಳ್ತದೆ. ತಾವು ಭೂಮಿಗೆ ಬಂದು ನಲವತ್ತು. ತಾವು ಬರೋ ಮುಂಚೆ ಆಗಿದ್ದು ಆಗಿಲ್ಲ. ಅಂದಮೇಲೆ ಅಜ್ಜ ದೊರೆಗಳು ಗೆದ್ದಿಲ್ಲ, ಅಲ್ವೇ?"

ಸೂರಪ್ಪ ವಿನಯದಿಂದಲೇ ಮುಂದುವರಿಸಿದ. ಗೆದ್ದಿಲ್ಲವೆಂದ ಮೇಲೆ ಕೋಟೆ ಪಕ್ಕದ ಸೀಮೆಯ ದೊರೆಯದೇ ಆಯಿತು, ಅಂದು ಸೋತವರು ಅವರ ಮನೆತನದವರೇ ತಾನೆ. ಬೀಗದ ಕೈಗಳನ್ನು ಬೆಳ್ಳಿ ತಟ್ಟೆಯಲ್ಲಿ ಇಡಿಸಿದ್ದೇನೆ, ಒಯ್ಯಲು ಆಳೂ ಸಿದ್ಧವಾಗಿದ್ದಾನೆ, ತಮ್ಮ ಮುದ್ರೆಯೊಂದು ಬಿದ್ದರೆ ಆಯಿತು ಎಂದ.

ಪಕ್ಕದ ಸೀಮೆಯ ಹೆಸರು ಕೇಳಿದ್ದೇ ತಡ, ದೊರೆಗಳ ಮೀಸೆ ಅದುರಿತು. ಕುದುರೆಯ ಮೇಲಿಂದಲೇ ಗುಡುಗಿದರು.

"ನಾನು ಹುಟ್ಟುವಷ್ಟರಲ್ಲಿ ನಮ್ಮಜ್ಜ ಈ ಕೋಟೆ ಗೆದ್ದಾಗಿತ್ತು ಕಣೋ!"

ಉಳಿ ಹಿಡಿದವರು ಅಲ್ಲಾಡಲಿಲ್ಲ. ಸೂರಪ್ಪ ನಿಧಾನವಾಗಿ ಹಿಂದಕ್ಕೆ ತಿರುಗಿದ.

"ಕೇಳಿದಿರಾ ಮೇಷ್ಟ್ರೇ? ದೊರೆಗಳು ಪಾಠ ಒಪ್ಪಿಸಿದರು. ಒಂದು ತಪ್ಪೂ ಇಲ್ಲ."

ದೊರೆಗಳು ಶಾಸನ ನೋಡಿದರು, ಏಣಿ ನೋಡಿದರು, ಕೊನೆಗೆ ಮೇಷ್ಟ್ರನ್ನು ನೋಡಿದರು. ತಾವು ಬಿದ್ದ ಹಳ್ಳ ಅವರಿಗೆ ಈಗ ಕಂಡಿತು. ನಗು ಬರುತ್ತಿತ್ತು, ಆದರೆ ಸುತ್ತ ಜನ ನೆರೆದಿದ್ದರು. ಗಂಟಲು ಸರಿಮಾಡಿಕೊಂಡು, ಶಾಸನ ಹಾಗೇ ಇರಲಿ ಎಂದು ಕಲ್ಲುಕುಟಿಗರನ್ನು ಇಳಿಸಿದರು.

"ಆದರೆ ಮೇಷ್ಟ್ರನ್ನ ಗಡೀಪಾರು ಮಾಡಿ ಆಗಿದೆಯಲ್ಲೋ. ಕೊಟ್ಟ ಅಪ್ಪಣೆ ವಾಪಸ್ಸು ತಗೊಂಡರೆ ನಮ್ಮ ಮಾತಿಗೆ ಏನು ಬೆಲೆ?"

ಸೂರಪ್ಪ ಒಂದು ಹೆಜ್ಜೆ ಮುಂದೆ ಬಂದ.

"ವಾಪಸ್ಸು ಯಾಕೆ ತಗೋಬೇಕು ಬುದ್ಧಿ? ಗಡೀಪಾರಿನ ಅಪ್ಪಣೆ ಹೊರಡುವಷ್ಟರಲ್ಲಿ ಪ್ರಭುಗಳು ಮೇಷ್ಟ್ರನ್ನು ಕ್ಷಮಿಸಿಯಾಗಿತ್ತು ಅಂತ ದಫ್ತರದಲ್ಲಿ ಬರೆದಿದೆ."

ದೊರೆಗಳು ಬೆಕ್ಕಸಬೆರಗಾದರು.

"ಅದನ್ನ ಯಾವಾಗ ಬರೆಸಿದೆಯೋ?"

ಸೂರಪ್ಪ ಬಗ್ಗಿ ಕೈಮುಗಿದ.

"ತಾವು ಬರುವ ಮುಂಚೆ, ಬುದ್ಧಿ."